ಕೆಸರು ದಾಟುವ ದನಿ

ಪಕ್ಕದ ಮನೆಯ ಹುಡುಗಿ ಅಜ್ಜಿಯನ್ನು "ನಾನಮ್ಮಾ, ನಾನಮ್ಮಾ" ಎಂದು ಕೂಗುವುದು ಬೆಳಿಗ್ಗೆಯಿಂದ ಗೋಡೆ ದಾಟಿ ಬರುತ್ತಿದೆ. ಅಜ್ಜಿಗೆ ಕೇಳಿಸಿದಂತಿಲ್ಲ. ಬೇರೆಯವರಾದರೆ ಬೇಸರಪಡುತ್ತಿದ್ದರೇನೋ, ಆದರೆ ಈ ಕೂಗುವ ವಿದ್ಯೆಯಲ್ಲಿ ನಾನೂ ಪಳಗಿದವನೇ ನೋಡಿ.

ಆಗ ನಾವು ಹಿಮಾಯತ್‌ನಗರದಲ್ಲಿದ್ದೆವು. ಅವ್ವನ ಕಿವಿ ಮಂದವಾಗತೊಡಗಿತ್ತು. ನಾನು ಚೀರುತ್ತಿದ್ದೆ. ನನ್ನ ಗಂಟಲು ಮೊದಲೇ ಪೀಪಿಯಂಥದು; ಬೀದಿಯ ಬಟ್ಟೆ ಅಂಗಡಿಯವರೂ ತಿರುಗಿ ನೋಡುತ್ತಿದ್ದರು, ಅವ್ವ ಮಾತ್ರ ನೋಡುತ್ತಿರಲಿಲ್ಲ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ ಡಬ್ಬಿಯಲ್ಲೇ ಇಟ್ಟಳು. ಬರಬರುತ್ತ ನಮ್ಮೊಡನೆ ಊಟಕ್ಕೆ ಕೂಡುವುದನ್ನೂ ಬಿಟ್ಟಳು.

ಅಕ್ಕನ ನೌಕರಿ ಅದೇ ಊರಿನ ಗಚ್ಚಿಬೌಲಿ ಕಡೆ. ಕಡಲೇ ಇಲ್ಲದ ಊರಿನಲ್ಲಿ ಕೂತು, ಆಳ ಕಡಲಿನ ತಳಕ್ಕೆ ಇಳಿಬಿಟ್ಟ ಯಂತ್ರಗಳು ಹಿಡಿದ ಸದ್ದು ಕೇಳುವ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ನಾನು ನಗುತ್ತಿದ್ದೆ. ಒಂದು ಭಾನುವಾರ ಅವ್ವನ ಕಿವಿಯ ಹತ್ತಿರ "ಚಹಾ ಬೇಕೇನು" ಎಂದು ಚೀರುತ್ತಿದ್ದಾಗ ಅಕ್ಕ ನನ್ನ ಭುಜ ಹಿಡಿದಳು.

"ಚೀರಬ್ಯಾಡೋ. ಚೀರಿದಷ್ಟೂ ದನಿ ಕೀಚಲಾಗತೈತಿ. ಸಮುದ್ರದ ತಳದಾಗ ಕೆಸರಿರತೈತಿ ನೋಡು, ಕೀಚಲು ಸದ್ದು ಅದರಾಗ ತುಸು ದೂರಕ್ಕ ಇಂಗಿ ಹೋಗತೈತಿ. ದಪ್ಪ ಸದ್ದು ಕೆಸರು ದಾಟಿ, ಕೆಳಗಿನ ಕಲ್ಲಿಗೆ ಬಡದು ವಾಪಸ್ ಬರತೈತಿ."

"ಅವ್ವ ಏನು ಸಮುದ್ರೇನ?"

"ಕಿವಿ ಬ್ಯಾರೆ, ಕೆಸರು ಬ್ಯಾರೆ, ಗೊತ್ತೈತಿ. ಆದ್ರ ವಯಸ್ಸಾದ ಕಿವಿಗೂ ಮೊದಲು ತಪ್ಪೂದು ಕೀಚಲು ದನೀನ. ಒಮ್ಮೆ ನೋಡೂಣು."

ಆಕೆ ಅವ್ವನ ಎದುರು ನೆಲದ ಮೇಲೆ ಕೂತಳು. ದನಿಯನ್ನು ಎದೆಗಿಳಿಸಿ, ನಿಧಾನವಾಗಿ, "ಅವ್ವಾ, ಚಹಾ ಕುಡೀತೀಯೇನ?" ಎಂದಳು.

ಅವ್ವ ತಲೆ ಎತ್ತಿ, "ಹೂಂ, ಕೊಡು," ಎಂದಳು. ಆಮೇಲೆ ನಮ್ಮಿಬ್ಬರ ಮುಖ ನೋಡಿದಳು.

"ನೀವೆಲ್ಲ ನನ್ನ ಮ್ಯಾಲ ಸಿಟ್ಟಾಗೀರಿ ಅಂತ ತಿಳದಿದ್ದೆ," ಎಂದಳು. "ಬಾಯಿ ತೆರದಾಗೆಲ್ಲ ಮಾರಿ ಕೆಂಪಗ ಮಾಡತಿದ್ರಿ."

ಮರುದಿನದಿಂದ ಬಚ್ಚಲಿನಲ್ಲಿ ದಪ್ಪ ದನಿಯ ಅಭ್ಯಾಸ ಶುರುಮಾಡಿದೆ. ಹೆಂಡತಿ "ನೆಗಡಿ ಆಗೇತೇನ್ರಿ?" ಎಂದು ಕಷಾಯ ಕಾಸಿ ಕೊಟ್ಟಳು. ಕುಡಿದೆ. ಅವ್ವ ಮತ್ತೆ ಆರು ವರ್ಷ ಇದ್ದಳು. ಊಟಕ್ಕೆ ನಮ್ಮ ನಡುವೆಯೇ ಕೂತಳು, ಹರಟೆಯಲ್ಲಿ ನಮ್ಮನ್ನೆಲ್ಲ ಸೋಲಿಸಿದಳು.

ಇದನ್ನೆಲ್ಲ ನೆನೆದು ಈಗಷ್ಟೇ ಅಕ್ಕನಿಗೆ ಫೋನ್ ಮಾಡಿದ್ದೆ. ನಿವೃತ್ತಳಾಗಿದ್ದಾಳೆ, ಒಬ್ಬಳೇ ಇದ್ದಾಳೆ. ಊಟ ಆಯಿತೇ ಎಂದರೆ "ಏನಂದಿ?" ಎಂದಳು. ಇನ್ನೊಮ್ಮೆ ಕೇಳಿದೆ. ಮತ್ತೆ "ಏನಂದಿ?" ಮೂರನೆಯ ಸಲ ನನಗೆ ಗೊತ್ತಿಲ್ಲದೆಯೇ ದನಿ ಕೆಳಗಿಳಿಯಿತು.



"ಊಟ ಆತು," ಎಂದಳು ಅಕ್ಕ. ಆಮೇಲೆ ಮೆಲ್ಲಗೆ, "ನನಗೂ ಆ ದಪ್ಪ ದನಿ ಸುರು ಮಾಡಿದೇನೋ?"