ಮಂಕಾಗದ ಅಲ್ಗಾಲ್

ಸಂಜೆ ಏಳೂವರೆಗೆ ಎಡವಟ್ಟು ಶುರುವಾಯಿತು. ಅಲ್ಲಿಯವರೆಗೆ ನಾನು ವಿಜ್ಞಾನಕ್ಕೆ ನಿಲುಕದ ಇಂಥ ಕಥೆಗಳನ್ನು ನಂಬಿದವನಲ್ಲ. ಭೌತಶಾಸ್ತ್ರ ಓದಿ ಬ್ಯಾಂಕು ಸೇರಿದವನು. ಹೇಳುವವರನ್ನು ಗೇಲಿ ಮಾಡುತ್ತಿದ್ದೆ.

ಎಂಬತ್ತರ ದಶಕದ ಕೊನೆ. ಧಾರವಾಡದಿಂದ ವರ್ಗವಾಗಿ ವಿಶಾಖಪಟ್ಟಣದಲ್ಲಿದ್ದೆ. ವಿಜಯವಾಡದಲ್ಲಿದ್ದ ಅಕ್ಕನ ಗಂಡನಿಗೂ ನನಗೂ ಒಂದೇ ಹುಚ್ಚು, ಅಲ್ಗಾಲ್ ನಕ್ಷತ್ರ. ಕಣ್ಣಿಗೆ ಒಂದೇ ಚುಕ್ಕಿ. ನಿಜದಲ್ಲಿ ಪರಸ್ಪರ ಸುತ್ತುವ ಎರಡು. ಮೂರು ದಿನಕ್ಕೆ ತುಸು ಕಡಿಮೆ ಅವಧಿಗೊಮ್ಮೆ, ದೊಡ್ಡದಾದರೂ ಮಸುಕಾದ ಒಂದು, ಚಿಕ್ಕದಾದರೂ ಉಜ್ವಲವಾದ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಬೆಳಕು ಮೂರರಲ್ಲೊಂದು ಪಾಲಿಗೆ ಇಳಿದು, ಕೆಲವು ಗಂಟೆಗಳಲ್ಲಿ ಮತ್ತೆ ಏರುತ್ತದೆ. ಇದು ತಪ್ಪುವುದಿಲ್ಲ. ಇಬ್ಬರೂ ನಮ್ಮ ನಮ್ಮ ಮಾಳಿಗೆಯಿಂದ ನೋಡಿ, ಮರುದಿನ ಫೋನಿನಲ್ಲಿ ತಾಳೆ ಹಾಕುತ್ತಿದ್ದೆವು.

ಆ ದಿನ ಎಂಟಕ್ಕೆ ಅದು ತೀರ ಮಂಕಾಗಬೇಕಿತ್ತು. ಹೆಂಡತಿಯೂ ನಾನೂ ಮಾಳಿಗೆಯಲ್ಲಿ ನಿಂತು ನೋಡಿ, ಆಮೇಲೆ ಕೆಳಗಿಳಿದು ಉಣ್ಣುವುದೆಂದು ಮಾತಾಗಿತ್ತು. ಏಳೂವರೆಗೆ ನೋಡಿದರೆ ಅದು ಒಂದಿಷ್ಟೂ ಇಳಿದಿರಲಿಲ್ಲ. ಎಂಟಾದರೂ ಹಾಗೇ ಉರಿಯುತ್ತಿತ್ತು.

"ನಿಮ್ಮ ಬ್ಯಾಂಕಿನ ಹಂಗ ಅದಕ್ಕೂ ಇವತ್ತ ರಜಾ ಇದ್ದೀತು. ಸಾರು ಆರಾಕತ್ತೈತಿ, ಬರ್ರಿ ಕೆಳಗ," ಎಂದಳು ಹೆಂಡತಿ.

"ತಡಿ, ಇನ್ನೊಂದೀಟು."

ಆಗಲೇ ಕಾಲಡಿಯ ಮಾಳಿಗೆ ಎದ್ದು ಕುಸಿದಂತಾಯಿತು. ನಮ್ಮ ಅಡುಗೆಮನೆಯಲ್ಲಿ ಸೋರಿ ತುಂಬಿದ್ದ ಗ್ಯಾಸ್ ಸಿಡಿದಿತ್ತು. ಪಕ್ಕದ ಭಾಗದಲ್ಲಿದ್ದ ಮನೆ ಮಾಲೀಕರು, ನಿವೃತ್ತ ರೈಲ್ವೆ ಗಾರ್ಡ್ ಅಪ್ಪಾರಾವು, ವಾಸನೆ ಹಿಡಿದು ನಮ್ಮನ್ನು ಎಚ್ಚರಿಸಲು ಒಳಹೊಕ್ಕು ದೀಪದ ಗುಂಡಿ ಒತ್ತಿರಬೇಕು ಎಂದರು ಪೊಲೀಸರು. ಅಪ್ಪಾರಾವು ಉಳಿಯಲಿಲ್ಲ.

ವಿಜಯವಾಡದಲ್ಲಿ ಭಾವನಿಗೆ ಅಲ್ಗಾಲ್ ಎಂಟಕ್ಕೆ ಸರಿಯಾಗಿ ಮಂಕಾಗಿ ಕಂಡಿತ್ತು. ನನ್ನ ಕಣ್ಣು ತಪ್ಪಿತೆನ್ನೋಣವೆಂದರೆ ಹೆಂಡತಿಯೂ ನೋಡಿದ್ದಾಳೆ. ಭಾವನೂ ನಾವೂ ನೋಡಿದ್ದು ಅದೇ ನಕ್ಷತ್ರ. ಇಂದಿಗೂ ನನಗೆ ಬಗೆಹರಿದಿಲ್ಲ.

ನಮ್ಮನ್ನು ಮೇಲೆಯೇ ತಡೆದು ದುರ್ಗಮ್ಮ ಕಾಪಾಡಿದಳು ಎಂದರು ಎಲ್ಲರೂ. ಭಾವ ನಮ್ಮನ್ನು ವಿಜಯವಾಡದಲ್ಲಿ ಅವಳ ಗುಡಿಯಿರುವ ಇಂದ್ರಕೀಲಾದ್ರಿ ಹತ್ತಿಸಿ ಅರ್ಚನೆಯನ್ನೂ ಮಾಡಿಸಿದ. ವರ್ಷವರ್ಷವೂ ಅದೇ ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತಿದ್ದವರು ಅಪ್ಪಾರಾವು. ಪ್ರಸಾದವನ್ನು ಮೆಟ್ಟಿಲ ಬಳಿ ಕೂತಿದ್ದವರ ಕೈಗಿಟ್ಟೆ. ಮನೆ ಬದಲಿಸಿದರೂ ನಾವಿಬ್ಬರೂ ನಡುರಾತ್ರಿ ಎದ್ದು ಗ್ಯಾಸಿನ ವಾಸನೆ ಹುಡುಕುತ್ತಿದ್ದೆವು.

ಅಪ್ಪಾರಾವು ಅವರ ವರ್ಷದ ತಿಥಿಗೆ ಹೋದೆವು. ಅವರ ಹೆಂಡತಿ ತಾವೇ ನಿಂತು ಬಡಿಸಿದರು. ದೇವರ ಮಾತೆತ್ತಲಿಲ್ಲ. ಕೈತೊಳೆಯಲು ನೀರು ಕೊಡುತ್ತ ತೆಲುಗಿನಲ್ಲಿ ಕೇಳಿದರು: "ಅವರನ್ನೂ ಮೇಲಕ್ಕೆ ಕರೀಬಾರದಿತ್ತಾ, ಬಾಬು?"

ಉಂಡ ಎಲೆಗಳನ್ನು ನಾನೇ ಎತ್ತಿದೆ. ಅಂದು ಅವರ ಪಡಸಾಲೆಯಲ್ಲೇ ಮಲಗಿದೆವು. ಬೆಳಗಿನವರೆಗೂ ಇಬ್ಬರಿಗೂ ಎಚ್ಚರವಾಗಲಿಲ್ಲ.