ಬಲಗಡೆಯ ಮೂರನೇ ಕಂಬದ ಬೆಣೆ

ನಮ್ಮ ಮನೆಯಲ್ಲಿ ಕಾಗದ ಓದುವವಳೂ ನಾನೇ, ಬರೆಯುವವಳೂ ನಾನೇ. ಬಡಗಿಯಾದ ಅಪ್ಪ ಮರದಲ್ಲಿ ಏನು ಬೇಕಾದರೂ ಕೆತ್ತುತ್ತಾರೆ. ಕಾಗದಕ್ಕೆ ಮಾತ್ರ ಹೆಬ್ಬೆಟ್ಟು. ಅಮ್ಮನಿಗೆ ಜಪಸರದ ಮಣಿ ಗೊತ್ತು, ಅಕ್ಷರ ಗೊತ್ತಿಲ್ಲ. ಹಾಗಾಗಿ ಅಣ್ಣ ಹಡಗು ಹತ್ತಿ ಮಲಯಾದ ಪಿನಾಂಗಿಗೆ ಹೋಗಿ ಒಬ್ಬ ಚೀನೀ ಬಡಗಿ ಮೇಸ್ತ್ರಿಯ ಹತ್ತಿರ ಕೆಲಸಕ್ಕೆ ಸೇರಿದ ಮೇಲೆ, ಮೂರು ವರ್ಷ ಅವನಿಗೆ ತಲುಪಿದ್ದೆಲ್ಲ ನಾನು ತಯಾರಿಸಿದ ಮೈಸೂರು.

"ಅಪ್ಪ ಚೆನ್ನಾಗವ್ರೆ ಅಂತ ಬರಿಯೇ" ಎಂದು ಅಮ್ಮ ಹೇಳಿದರೆ, "ಅಂಗಡಿ ಬಾಗಿಲು ರಿಪೇರಿಗೆ ಅಪ್ಪ ಒಂದೇ ಉಸಿರಿಗೆ ಚಾಮುಂಡಿ ಬೆಟ್ಟ ಹತ್ತಿದರು, ಮೇಲೆ ಹೋಗಿ ಉಸಿರು ಬಿಟ್ಟದ್ದಕ್ಕೆ ನಾಲ್ಕು ಜನರ ಪೇಟ ಹಾರಿಹೋಯಿತು" ಎಂದು ಬರೆಯುತ್ತಿದ್ದೆ. ಕೆಲಸ ಪರವಾಗಿಲ್ಲ ಅಂದರೆ, "ನಾಲ್ಕು ಆಳು ಇಟ್ಟಿದ್ದಾರೆ, ಅವರಿಗೆ ಗಾಳಿ ಬೀಸಲು ಐದನೆಯವನು" ಎಂದು. ಅಣ್ಣ ನಗಲಿ ಅಂತಲೇ. ಅವನು ನಕ್ಕರೆ ಮೊದಲು ಸದ್ದೇ ಇರುವುದಿಲ್ಲ. ಮೊಣಕಾಲಿಗೆ ಎರಡು ಏಟು ಹೊಡೆದುಕೊಂಡ ಮೇಲೆ ನಗು ಹೊರಗೆ ಬರುತ್ತದೆ. ಅದನ್ನು ಕೇಳಿ ಮೂರು ವರ್ಷವಾಗಿತ್ತು.

ಕಳೆದ ವರ್ಷ ದಸರಾಕ್ಕೆ ಇನ್ನೂ ಎಂಟು ತಿಂಗಳಿರುವಾಗ, ದೇವರಾಜ ಮೊಹಲ್ಲಾದ ಒಂದು ಹೋಟೆಲಿನ ಸಾಹುಕಾರರು ನಮ್ಮ ಮನೆಗೆ ಬಂದರು. ಮೊದಲು ಅವರ ಹೊಟ್ಟೆ ಬಂತು. ಅದಕ್ಕೆ ಚಾಪೆ ಹಾಕಿ ಕೂರಿಸಿದ ಸ್ವಲ್ಪ ಹೊತ್ತಿಗೆ ಅವರೂ ಬಂದರು. ಕೈಯಲ್ಲೊಂದು ಪಿಂಗಾಣಿ ತಟ್ಟೆ. ಅದರ ಮೇಲೆ ನೀಲಿ ಬಣ್ಣದ ಚೀನೀ ಮಂಟಪ, ತುದಿ ಮೇಲಕ್ಕೆ ಬಾಗಿದ ಸೂರು.

"ಮೇಸ್ತ್ರಿಗಳೇ, ಹೋಟ್ಲು ಹಿಂದ್ಗಡೆ ಇಂಥದ್ದೊಂದು ಹಾಲ್ ಬೇಕು ಕಣ್ರೀ. ಬೆಳಗ್ಗೆ ಮದ್ವೆ ಊಟ, ಮಧ್ಯಾಹ್ನ ಸಭೆ, ಸಾಯಂಕಾಲ ಟೀ ಪಾರ್ಟಿ. ಹೊತ್ತಿಗೊಂದು ಆಕಾರ ಆಗ್ಬೇಕು."

"ಗೋಡೆ ಏನು ಕುರ್ಚಿನಾ ಸ್ವಾಮಿ, ಎತ್ತಿ ಆಚೆಗಿಡಕ್ಕೆ?" ಎಂದರು ಅಪ್ಪ.

"ಎತ್ತಬೌದು ಕಣಪ್ಪಾ!" ಎಂದು ನಾನು ನಡುವೆ ಬಾಯಿ ಹಾಕಿದೆ. ಅಣ್ಣ ಬರೆದಿದ್ದ: ಚೀನೀಯರ ಕಟ್ಟಡದಲ್ಲಿ ಭಾರವೆಲ್ಲ ಕಂಬಗಳ ಮೇಲೆ. ಗೋಡೆಗಳು ಮದುವೆಗೆ ಬಂದ ಭಾವಂದಿರ ಹಾಗೆ, ಸುಮ್ಮನೆ ನಿಂತಿರುತ್ತವೆ, ಏನೂ ಹೊರುವುದಿಲ್ಲ. ಇದ್ದಿಲು ತಂದು ನೆಲದ ಮೇಲೆ ಗೀಚಿದೆ. ನಡುವೆ ಬಯಲು, ಸುತ್ತ ಹನ್ನೆರಡು ಕಂಬ, ಕಂಬದಿಂದ ಕಂಬಕ್ಕೆ ಜಾಲರಿ ಬಾಗಿಲು. ಬಾಗಿಲುಗಳನ್ನೆಲ್ಲ ಅವು ಕೂರುವ ತೋಡಿನಿಂದ ಎತ್ತಿಟ್ಟರೆ ಮದುವೆ ಪಂಕ್ತಿ. ಅರ್ಧ ಕೂರಿಸಿದರೆ ಸಭೆ. ಎಲ್ಲ ಕೂರಿಸಿದರೆ ನಾಲ್ಕು ಕೋಣೆ.

ಅಪ್ಪ ಬಗ್ಗಿ ನೋಡಿದರು. "ಇದು ನಮ್ಮ ತೊಟ್ಟಿ ಮನೇನೇ ಅಲ್ವೇನೇ? ಟೋಪಿ ಮಾತ್ರ ಚೀನಾದ್ದು."

ಆ ಟೋಪಿಯಲ್ಲೇ ನನಗೆ ಅಣ್ಣನನ್ನು ಕರೆಸುವ ದಾರಿ ಕಂಡಿತು. ಸೂರನ್ನು ಹೊರುವುದು ಮೊಳೆಯಿಲ್ಲದೆ ಒಂದರೊಳಗೊಂದು ಕಚ್ಚಿಕೊಂಡ ಮರದ ಕೈಗಳು. ಅಪ್ಪನಿಗೆ ಆ ಕೆಲಸ ಗೊತ್ತಿಲ್ಲ.

"ಅದನ್ನ ಮಾತ್ರ ನಮ್ಮಣ್ಣನೇ ಬಂದು ಮಾಡ್ಬೇಕು ಸಾಹುಕಾರ್ರೇ. ಪಿನಾಂಗಲ್ಲಿ ಚೀನೀಯವ್ರೇ ಅವನ ಹತ್ರ ಕಲ್ಯಕ್ಕೆ ಸಾಲು ನಿಂತವ್ರೆ."

"ಹಂಗಾದ್ರೆ ಕರೆಸ್ಬುಡಿ!"

ಒಳಗೆ ಅವರೆಕಾಳು ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು. ಅಂದೇ ಕಾಗದ ಹಾಕಿದೆ. ಮಾರನೆಯ ದಿನದಿಂದ ಅಮ್ಮ ಅಣ್ಣನ ಹಾಸಿಗೆಯನ್ನು ಬಿಸಿಲಿಗೆ ಹಾಕಲು ಶುರುಮಾಡಿದಳು. ಎರಡು ತಿಂಗಳು, ದಿನಾ. ಆ ಹತ್ತಿ ಕಾದ ಕಾವಿಗೆ ಅದರ ಮೇಲೆ ದೋಸೆ ಹುಯ್ಯಬಹುದಿತ್ತು.

ಅಣ್ಣ ಬರಲಿಲ್ಲ. ಒಂದು ಪೆಟ್ಟಿಗೆ ಬಂತು. ಒಳಗೆ ಸೂರು ಹೊರುವ ಆ ಮರದ ಕೈಗಳ ಅಂಗೈಯಗಲದ, ಆಟಿಕೆಯಂಥ ಮಾದರಿ, ಪ್ರತಿ ತುಂಡಿನ ಮೇಲೂ ಉಳಿಯಿಂದ ಕೊರೆದ ಕನ್ನಡದ ಅಂಕಿ. ಜೊತೆಗೆ ಕಾಗದ: "ಅಪ್ಪನಿಗೆ ನಾಲ್ಕು ಆಳಿದ್ದಾರೆ, ಬೆಟ್ಟ ಹತ್ತುವಷ್ಟು ಗಟ್ಟಿಯಾಗಿದ್ದಾರೆ ಎಂದು ನೀನೇ ಬರೆದಿದ್ದೀಯ. ನನ್ನ ಹಾಸಿಗೆ ಮಡಿಸುವ ಕೆಲಸ ತಪ್ಪಿತೆಂದು ಅಮ್ಮ ಕುಣಿದಳು ಅಂತಲೂ ಬರೆದಿದ್ದೀಯ. ನಾನಿಲ್ಲವೆಂದು ಅಲ್ಲಿ ಯಾವ ಕೆಲಸವೂ ನಿಂತಿಲ್ಲ. ಇಲ್ಲಿ ನಮ್ಮ ಮೇಸ್ತ್ರಿಗೆ ವಯಸ್ಸಾಯಿತು. ಈ ಮಾದರಿಯನ್ನು ಅಂಕಿ ನೋಡಿ ಬಿಚ್ಚಿ ಜೋಡಿಸಿದರೆ ಅಪ್ಪನಿಗೆ ತಿಳಿಯುತ್ತದೆ."

"ಏನಂತೆ?" ಎಂದಳು ಅಮ್ಮ.

"ಬರಕ್ಕಾಗಲ್ವಂತೆ. ಕೆಲ್ಸ ಜಾಸ್ತಿಯಂತೆ." ಹುಟ್ಟಿದಾಗಿನಿಂದ ಮಾತು ಹಿಗ್ಗಿಸಿದವಳು ಆ ದಿನ ಮೊದಲ ಸಲ ಕುಗ್ಗಿಸಿದೆ.

ಆಳು ನಾಲ್ಕಲ್ಲ, ಒಬ್ಬನೂ ಇರಲಿಲ್ಲ. ಅಪ್ಪನ ಬಲಗೈ ಹಿಂದಿನ ಚಳಿಗಾಲದಿಂದಲೇ ನಡುಗುತ್ತಿತ್ತು. ಅವರು ಅಕ್ಷರ ಬಾರದಿದ್ದರೂ ಅಂಕಿ ಬಲ್ಲವರು. ಒಂದೊಂದು ತುಂಡನ್ನೂ ಬೆರಳಿಂದ ಸವರಿದರು. "ಇದು ಅವನ ಉಳಿನೇ. ಒಂಬತ್ತರ ಬಾಲ ನೋಡು, ಚಿಕ್ಕೋನಿಂದ್ಲೂ ಹಿಂಗೇ ಎಳೀತಾನೆ."

ಮಾದರಿಯನ್ನು ಬಿಚ್ಚಿ, ಕಟ್ಟಿ, ಬಿಚ್ಚಿ, ಆ ನಡುಗುವ ಕೈಯಲ್ಲೇ ಅಪ್ಪ ಹನ್ನೆರಡು ಕಂಬಕ್ಕೂ ಮರದ ಕೈಗಳನ್ನು ಮಾಡಿದರು. ಭಾರ ಎತ್ತುವುದಕ್ಕಷ್ಟೇ ಹೋಟೆಲಿನವರು ಸಹಾಯಕ್ಕೆ ಬಂದರು. ದಸರಾಕ್ಕೆ ಮುಂಚೆ ಹಾಲ್ ಎದ್ದು ನಿಂತಿತು.

ತಾತನ ಕಾಲದಿಂದ ನಮ್ಮಲ್ಲೊಂದು ಪದ್ಧತಿ: ಯಾವ ಕೆಲಸವಾದರೂ ಕೊನೆಯ ಬೆಣೆಯನ್ನು ಹಿರಿಮಗನೇ ಹೊಡೆಯಬೇಕು. ಅಣ್ಣ ಊರು ಬಿಟ್ಟ ಮೇಲೆ ಮೂರು ವರ್ಷವೂ ಅಪ್ಪ ತಾವೇ ಹೊಡೆದಿದ್ದರು. ಈ ಸಲ ಬಲಗಡೆಯ ಮೂರನೇ ಕಂಬದ ಮೇಲೆ, ಬೆಣೆಯಿಲ್ಲದಿದ್ದರೂ ಸೂರಿಗೆ ಏನೂ ಆಗದ ಜಾಗದಲ್ಲಿ, ತೂತನ್ನು ಹಾಗೇ ಬಿಟ್ಟರು. "ಇದು ಅವನ ಕೆಲ್ಸ. ಅವನೇ ಬಂದು ಹೊಡೀಲಿ."

ಹಾಲ್ ಶುರುವಾದ ದಿನ ಸಾಹುಕಾರರ ಕಣ್ಣು ನೇರ ಅಲ್ಲಿಗೇ ಹೋಯಿತು. "ಇದೇನ್ರೀ ಮೇಸ್ತ್ರಿಗಳೇ, ತೂತು?"

ಅಪ್ಪ ನನ್ನ ಕಡೆ ನೋಡಿದರು.

"ಚೀನಾ ಪದ್ಧತಿ ಸಾಹುಕಾರ್ರೇ. ಸೂರು ಕಾಯೋ ನಾಗಪ್ಪ ಉಸಿರಾಡಕ್ಕೆ ಬಿಡೋ ಜಾಗ. ಮುಚ್ಚಿದ್ರೆ ಕೆಮ್ತಾನೆ."

ಸಾಹುಕಾರರು ಬಂದವರಿಗೆಲ್ಲ ಅದನ್ನೇ ಹೇಳಿದರು. ಮಧ್ಯಾಹ್ನಕ್ಕೆ ಕಂಬದ ಕೆಳಗೆ ಒಂದು ಸ್ಟೂಲು ಬಂತು. ಸಂಜೆಗೆ ಯಾರೋ ಹತ್ತಿ ತೂತಿಗೆ ಮಲ್ಲಿಗೆ ಸಿಕ್ಕಿಸಿ ಕೈಮುಗಿದಿದ್ದರು. ಅದನ್ನು ನೋಡಿ ಅಪ್ಪ ಸದ್ದಿಲ್ಲದೆ ಅಲುಗಾಡಿ, ಮೊಣಕಾಲಿಗೆ ಎರಡು ಏಟು ಹೊಡೆದುಕೊಂಡು ನಕ್ಕರು. ಥೇಟ್ ಅಣ್ಣನ ನಗು. ಅಮ್ಮ ತಟ್ಟನೆ ಹಿಂತಿರುಗಿ ನೋಡಿದಳು. ಅಪ್ಪ ನಗು ನಿಲ್ಲಿಸಿಬಿಟ್ಟರು.

ಮಾರನೆಯ ದಿನ ಕಾಗದ ಬರೆಯಲು ಕೂತೆ. "ಆಳುಗಳಿಲ್ಲ. ಒಬ್ಬರೂ ಇಲ್ಲ. ಅಪ್ಪನ ಬಲಗೈ ನಡುಗುತ್ತದೆ. ಅಮ್ಮ ಕುಣಿದಿರಲಿಲ್ಲ. ಒಂದು ಬೆಣೆ ಬಾಕಿ ಇದೆ, ನಿನ್ನದು."

"ಇಷ್ಟ್ ಬೇಗ ಮುಗೀತೇನೇ?" ಎಂದಳು ಅಮ್ಮ.

"ಮುಗೀತಮ್ಮಾ."

ಉತ್ತರ ಇನ್ನೂ ಬಂದಿಲ್ಲ. ಭಾನುವಾರ ಚರ್ಚಿನಿಂದ ಬರುವಾಗ ನಾವು ಹೋಟೆಲಿನ ಹಿಂದಿನ ದಾರಿಯಲ್ಲೇ ಬರುತ್ತೇವೆ. ಅಮ್ಮ ಆ ಸ್ಟೂಲು ಹತ್ತುತ್ತಾಳೆ, ನಾನು ಹಿಡಿದುಕೊಳ್ಳುತ್ತೇನೆ. ಯಾರಾದರೂ ಇಟ್ಟ ಹೂವಿದ್ದರೆ ತೆಗೆದು, ಸೆರಗಿನ ತುದಿಯನ್ನು ತೂತಿನೊಳಗೆ ತೂರಿಸಿ, ಬೆಣೆಗೆ ಅಡ್ಡಿಯಾಗದಂತೆ ಧೂಳು ಒರೆಸುತ್ತಾಳೆ.