ಕುದಿಯದ ನೀರಿನಲ್ಲಿ ನೋಡಿದ ಮುಳ್ಳು

ನಾನು ಸುಳ್ಳು ಹೇಳಿದ್ದೇನೆ. ಒಂದೇ ಶಬ್ದದ ಸುಳ್ಳು — "ಹೌದು." ಆ ಒಂದು ಶಬ್ದದಿಂದ ಲಾಲಸಾಬ ಮಿಸ್ತ್ರಿ ಎಂಬ ಕೆಲಸಗಾರನ ಹೆಸರು ಕೆಟ್ಟಿತು. ಇಳಕಲ್ಲಿನಿಂದ ಬದಾಮಿಯವರೆಗೆ ಯಾವ ಗಾಡಿಯ ಮಾಲಕನೂ ಅವನನ್ನು ಮತ್ತೆ ಸ್ಟೇರಿಂಗಿನ ಮುಂದೆ ಕೂರಿಸಲಿಲ್ಲ. ಇದಾಗಿ ಏಳು ವರ್ಷ.

ಇದನ್ನು ಬರೆಯಕೂಡದು ಎಂದು ನಮ್ಮ ಕಾಕಾ ಹೇಳಿದ್ದಾರೆ. ಅವ್ವ ಬಾಯಿಬಿಟ್ಟು ಹೇಳಿಲ್ಲ. ಬಡಿಸುವಾಗ ನನ್ನ ಮುಖ ನೋಡುವುದನ್ನು ನಿಲ್ಲಿಸಿದ್ದಾಳೆ. ನಾನು ಹೆಚ್ಚು ಮಾತಾಡುವವಳಲ್ಲ. ಮನೆಯ ಮಾತನ್ನು ಮನೆಯ ಹೊರಗೆ ಆಡಿದವಳೂ ಅಲ್ಲ. ಆದರೂ ಬರೆಯುತ್ತಿದ್ದೇನೆ. ಓದಿದವರು ನನ್ನನ್ನು ಏನೆಂದುಕೊಂಡರೂ ಸರಿಯೇ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಧಾರವಾಡಕ್ಕೆ ಕಳಿಸಿ ಓದಿಸಿದವರು ಕಾಕಾ. ನಾನು ಬಿ.ಎಸ್‌ಸಿ. ಮುಗಿಸಿ ಬಾಗಲಕೋಟೆಗೆ ಮರಳಿದ ವರ್ಷ ಅವರು ಮನೆಗೆ ಹೊಂದಿಕೊಂಡ ಗ್ಯಾರೇಜಿನಲ್ಲಿ ಒಂದು ಗಾಡಿ ಕಟ್ಟಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದಿದ್ದ ಮಿಲಿಟರಿ ಲಾರಿಯ ಚಾಸಿ, ಅದರ ಮೇಲೆ ಸಾಗವಾನಿಯ ಹೊಸ ಮೈ. ಇಳಕಲ್ಲಿನ ನೇಕಾರರಿಂದ ಸೀರೆಯ ಗಂಟುಗಳನ್ನು ತುಂಬಿಕೊಂಡು ಹುನಗುಂದ, ಬಾಗಲಕೋಟೆ, ಬದಾಮಿಯ ಅಂಗಡಿಗಳಿಗೆ ಮುಟ್ಟಿಸುವ ಗಾಡಿ. ಒಳಗೆ ಗಂಟು ಇಡಲು ಮೂರು ಅಂತಸ್ತಿನ ಹಲಗೆ, ಸೀರೆಗೆ ಧೂಳು ತಾಗದಂತೆ ಕ್ಯಾನ್ವಾಸಿನ ಪರದೆ. ಎಲ್ಲವನ್ನೂ ಲಾಲಸಾಬ ಮಿಸ್ತ್ರಿಯೇ ಮಾಡಿದ್ದ. ಗಾಡಿ ಓಡಿಸಬೇಕಾದವನೂ ಅವನೇ.

ಮುಗಿಯದೇ ಉಳಿದದ್ದು ಚಾಲಕನ ಎದುರಿನ ಡ್ಯಾಶ್‌ಬೋರ್ಡು. ಅದರಲ್ಲಿ ನಾಲ್ಕು ತೂತುಗಳು ಹಾಗೇ ಬಾಯ್ದೆರೆದುಕೊಂಡಿದ್ದವು. ವೇಗಕ್ಕೊಂದು, ಎಣ್ಣೆಯ ಒತ್ತಡಕ್ಕೊಂದು, ಬ್ಯಾಟರಿಗೊಂದು, ಇಂಜಿನ್ನಿನ ನೀರಿನ ಕಾವಿಗೊಂದು ಮೀಟರು ಬೇಕು. ಮುಂಬಯಿಯ ಹೊಸ ಮೀಟರುಗಳು ನಮ್ಮ ಕೈಗೆ ಎಟಕುವಂತಿರಲಿಲ್ಲ. ಕಾಕಾ ಹುಬ್ಬಳ್ಳಿಯ ಗುಜರಿಯಿಂದ ಒಂದು ಗೋಣಿಚೀಲದ ತುಂಬ ಹಳೆಯ ಮೀಟರುಗಳನ್ನು ತಂದು ಅಂಗಳದಲ್ಲಿ ಸುರಿದರು.

"ಸುಮಿತ್ರಾ, ನೀ ಆರಿಸು. ಫಿಜಿಕ್ಸ್ ಓದೀದಿ. ಉಳಿದದ್ದನ್ನ ಗುಜರಿಯವಗ ತಿರುಗಿ ಕೊಡೂಣು."

ಆ ಕ್ಷಣದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ನನ್ನ ಓದಿಗೆ ಮನೆಯಲ್ಲಿ ಯಾರೋ ಮೊದಲ ಬಾರಿ ಕೆಲಸ ಕೊಟ್ಟಿದ್ದರು. ಎರಡು ದಿನ ಅಂಗಳದಲ್ಲಿ ಕುಳಿತು ಆರಿಸಿದೆ. ಚೆನ್ನಾಗಿಯೇ ಆರಿಸಿದೆ — ಅದನ್ನೂ ಹೇಳುತ್ತೇನೆ. ವಿದ್ಯುತ್ತಿನ ಮೇಲೆ ನಡೆಯುವ ಕಾವಿನ ಮೀಟರುಗಳನ್ನು ಬದಿಗಿಟ್ಟೆ. ಬ್ಯಾಟರಿ ಸೋತರೆ ಅವುಗಳ ಮಾತನ್ನು ನಂಬುವಂತಿಲ್ಲ. ತಾಮ್ರದ ಸಣ್ಣ ಕೊಳವೆ ಇರುವ, ತುದಿಯ ಗುಂಡನ್ನು ನೀರಿನಲ್ಲಿ ಮುಳುಗಿಸುವಂಥವೇ ಬೇಕೆಂದೆ. ಅವಕ್ಕೆ ವಿದ್ಯುತ್ತೇ ಬೇಡ. ವೇಗದ ಮೀಟರು ಚೆನ್ನಾಗಿಲ್ಲದಿದ್ದರೂ ನಡೆಯುತ್ತದೆ, ಎಣ್ಣೆ ಮತ್ತು ಕಾವಿನವು ಕೈಕೊಡಬಾರದು ಎಂದೆ. ಮಿಸ್ತ್ರಿ ತಲೆದೂಗಿದ.

ಕೊಳವೆಯ ಜಾತಿಯ ಕಾವಿನ ಮೀಟರುಗಳು ಎರಡೇ ಇದ್ದವು. ಒಂದರ ಗಾಜು ಸೀಳಿತ್ತು. ಇನ್ನೊಂದರ ಗಾಜು ಹೊಳೆಯುತ್ತಿತ್ತು, ಅಂಕಿಗಳು ಅಚ್ಚುಕಟ್ಟಾಗಿದ್ದವು, ಕೆಂಪು ಗೆರೆ ಎದ್ದು ಕಾಣುತ್ತಿತ್ತು. ನಾನು ಹೊಳೆಯುವುದನ್ನು ಆರಿಸಿದೆ. ಮಿಸ್ತ್ರಿ ಎರಡರ ಗುಂಡುಗಳನ್ನೂ ಬಿಸಿಲಿಗೆ ಕಾದ ತಗಡಿನ ಮೇಲೆ ಇಟ್ಟು ನೋಡಿದ. ಸೀಳಿದ ಗಾಜಿನ ಮುಳ್ಳು ಮೊದಲು ಎದ್ದಿತು.

"ಅಕ್ಕಾರ, ಈ ನಿಮ್ಮ ಚೆಲುವಿ ಭಾಳ ಆಲಸಿ ಅದಾಳ್ರಿ. ಏಳಾಕ ಮನಸಿಲ್ಲ ಆಕಿಗೆ."

ಕಾಕಾ ನಕ್ಕರು. "ಏ ಮಿಸ್ತ್ರಿ, ಆಕಿ ನಿನಗಿಂತ ಜಾಸ್ತಿ ಕಲ್ತಾಳ."

"ಕಲ್ತಾರ, ಖರೆ ಅದರಿ. ಆದರ ಮುಳ್ಳಿಗೆ ಅದು ಗೊತ್ತಿಲ್ಲಲ್ರೀ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ತಗಡಿನ ಮೇಲೆ ಇಡುವುದು ಪರೀಕ್ಷೆಯಲ್ಲ, ಒಂದು ಗುಂಡಿಗೆ ಬಿಸಿ ಹೆಚ್ಚು ತಗಲಿರಬಹುದು, ಕುದಿಯುವ ನೀರಿನಲ್ಲಿಟ್ಟು ನೋಡಬೇಕು ಎಂದೆ. ಸರಿಯಾದ ಮಾತೇ. ನಮ್ಮ ಊರಿನ ಎತ್ತರದಲ್ಲಿ ನೀರು ಸುಮಾರು ಇನ್ನೂರ ಒಂಬತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಕುದಿಯುತ್ತದೆ. ಮುಳ್ಳು ಅಲ್ಲಿ ನಿಂತರೆ ಮೀಟರು ಖರೆ.

"ಹಂಗಾರ ಎದುರಿನ ಚಾದಂಗಡಿಯೊಳಗ ಕುದಸೂಣ ಬರ್ರಿ," ಎಂದ ಮಿಸ್ತ್ರಿ. "ಅಂವನ ಭೋಗುಣಿ ಮುಂಜಾನಿಂದ ಸಂಜೀತನ ಕುದೀತಿರ್ತದ."

ನಾನು, ಬಿ.ಎಸ್‌ಸಿ. ಆದವಳು, ಡ್ರೈವರುಗಳು ಬೀಡಿ ಸೇದುವ ಚಹದ ಅಂಗಡಿಯ ಮುಂದೆ ನಿಲ್ಲುವುದೇ?

"ಬ್ಯಾಡ. ನಾ ಮನ್ಯಾಗ ನೋಡ್ತೇನಿ," ಎಂದೆ.

ಮನೆಯಲ್ಲಿ ಅವ್ವನ ಮಡಿ. ಯಾವುದೋ ಲಾರಿಯಿಂದ ಕಳಚಿದ, ಎಣ್ಣೆ ನಾರುವ ಕಬ್ಬಿಣವನ್ನು ಒಲೆಯ ಹತ್ತಿರ ಒಯ್ಯುವ ಮಾತೇ ಇರಲಿಲ್ಲ. ಉಳಿದದ್ದು ಬಚ್ಚಲಿನ ಹಂಡೆ. ಗುಂಡನ್ನು ಹಂಡೆಯ ಬಾಯಿಯಿಂದ ಇಳಿಬಿಟ್ಟು ಮೀಟರನ್ನು ಕೈಯಲ್ಲಿ ಹಿಡಿದು ನಿಂತೆ. ಹೊಗೆ, ಆವಿ, ಕತ್ತಲು. ಮುಳ್ಳು ಮೆಲ್ಲಗೆ ಏರಿ ನೂರ ಎಂಬತ್ತಕ್ಕೆ ಬಂದು ನಿಂತಿತು. ನೀರು ಆಗಷ್ಟೇ ಸದ್ದು ಮಾಡತೊಡಗಿತ್ತು. ಇನ್ನೂ ಕುದಿ ಬಂದಿಲ್ಲ, ಅದಕ್ಕೇ ನೂರ ಎಂಬತ್ತು ಅಂದುಕೊಂಡೆ. ಇನ್ನಷ್ಟು ಸೌದೆ ಹಾಕಿ ಕಾಯಬೇಕಿತ್ತು —

"ಎಷ್ಟೊತ್ತ, ಸುಮೀ? ನನ್ನ ಸ್ನಾನ ಆಗಬೇಕು, ಅಡಿಗಿ ಆಗಬೇಕು. ಆ ದರಿದ್ರ ತಗಿ ಹೊರಗ!" ಅವ್ವ ಬಾಗಿಲಲ್ಲಿ ನಿಂತು ಕೂಗಿದಳು.

ತೆಗೆದೆ. ಒರೆಸಿದೆ. ಒಂದು ಚೀಟಿಯ ಮೇಲೆ ಒಳ್ಳೆಯ ಅಕ್ಷರದಲ್ಲಿ ಬರೆದೆ: "ಕುದಿಯುವ ನೀರಿನಲ್ಲಿ ಪರೀಕ್ಷಿಸಿದೆ. ಸರಿ ಇದೆ." ಅದನ್ನು ಕಾಕಾನ ಕೈಗೆ ಕೊಟ್ಟೆ. ಸೀಳಿದ ಗಾಜಿನ ಮೀಟರು ಗೋಣಿಚೀಲದಲ್ಲಿ ಹುಬ್ಬಳ್ಳಿಗೆ ಮರಳಿತು.

ಮಡಿಯ ಮಾತನ್ನು ಇಲ್ಲಿ ತಂದದ್ದು ಅದರ ಹಿಂದೆ ಅವಿತುಕೊಳ್ಳಲು ಅಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಂದು ತಂಬಿಗೆ ನೀರು ಕುದಿಸುವುದು ನನಗೆ ಬರುತ್ತಿತ್ತು. ಅವ್ವ ನನ್ನ ಕೈಯಿಂದ ಆ ಚೀಟಿ ಬರೆಸಲಿಲ್ಲ.

ಗಾಡಿ ಓಡಿತು. ಎರಡು ತಿಂಗಳು ಸುಖವಾಗಿಯೇ ಓಡಿತು. ಬೇಸಿಗೆ ಬಲಿತಾಗ ಒಂದು ಮಧ್ಯಾಹ್ನ ಬದಾಮಿಯ ದಾರಿಯ ಏರಿನಲ್ಲಿ ಇಂಜಿನ್ನಿನ ಪಂಖದ ಪಟ್ಟಿ ಸಡಿಲಾಯಿತು. ನೀರು ಕುದಿಯತೊಡಗಿತು. ಮುಳ್ಳು ನೂರ ಎಂಬತ್ತರಲ್ಲಿ ತಣ್ಣಗೆ ನಿಂತೇ ಇತ್ತು. ಮಿಸ್ತ್ರಿ ಅದನ್ನು ನಂಬಿ ಇನ್ನೊಂದೆರಡು ಮೈಲಿ ಹೊಡೆದ. ಸುಟ್ಟ ವಾಸನೆ ಬಂದಾಗ ನಿಲ್ಲಿಸಿದ, ಮತ್ತೆ ಮುಳ್ಳನ್ನೇ ನೋಡಿದ, ನೀರು ಕುದ್ದಿಲ್ಲವೆಂದು ರೇಡಿಯೇಟರಿನ ಮುಚ್ಚಳ ತಿರುವಿದ. ಕುದಿನೀರು ಚಿಮ್ಮಿ ಬಲಗೈ ಮೊಣಕೈಯವರೆಗೆ ಬೆಂದಿತು. ಇಂಜಿನ್ನಿನ ಹೆಡ್ಡು ಬಿರುಕು ಬಿಟ್ಟಿತ್ತು.

ನಾಲ್ಕನೆಯ ದಿನ, ಕೈಗೆ ಬಾಳೆಎಲೆ ಸುತ್ತಿಕೊಂಡು ಅವನು ನಮ್ಮ ಗ್ಯಾರೇಜಿಗೆ ಬಂದ. ಎದುರಿನ ಚಹದ ಅಂಗಡಿಯಿಂದ ಡ್ರೈವರುಗಳೆಲ್ಲ ಎದ್ದು ಬಂದು ಸುತ್ತ ನಿಂತರು. ಕಾಕಾ ಕೂಗಾಡುತ್ತಿದ್ದರು.

"ನೀರ ನೋಡದ ಗಾಡಿ ಹೊಡದೀ! ನಿದ್ದೀ ಹೊಡಕೋತ ಹೊಂಟಿದ್ದಿ ಏನು?"

"ಅಲ್ಲಾನ ಆಣಿರೀ ಸಾಹೇಬ್ರ, ಮುಂಜಾನಿ ನೀರ ತುಂಬೇನಿ. ಮುಳ್ಳ ಕೆಂಪಿಗೆ ಬರಲೇ ಇಲ್ರೀ. ಮೀಟರ ಸುಳ್ಳ ಅದರಿ ಅದು."

"ಮೀಟರ ಸುಳ್ಳು?" ಕಾಕಾ ನನ್ನ ಕಡೆ ತಿರುಗಿದರು. ನಾನು ಬಾಗಿಲಲ್ಲಿ ನಿಂತಿದ್ದೆ. "ಸುಮಿತ್ರಾ, ಕುದಿಯೋ ನೀರಾಗ ಇಟ್ಟು ನೋಡಿದ್ದಿ ಹೌದಲ್ಲೋ?"

ಎಲ್ಲರೂ ನನ್ನ ಕಡೆ ನೋಡಿದರು. ಮಿಸ್ತ್ರಿಯೂ ನೋಡಿದ. ಅವನ ಕಣ್ಣಿನಲ್ಲಿ ನಂಬಿಕೆ ಇತ್ತು — ಓದಿದವಳು, ಇದ್ದದ್ದನ್ನು ಹೇಳುತ್ತಾಳೆ ಎಂಬ —

"ಹೌದು," ಎಂದೆ.

ಮಿಸ್ತ್ರಿ ಗಾಡಿಯ ಕೀಲಿಕೈಯನ್ನು ಎಡಗೈಯಿಂದ ಮೇಜಿನ ಮೇಲಿಟ್ಟು ಹೋದ. ಆ ಸಂಜೆಯೊಳಗೆ ಮಾತು ಹುನಗುಂದ ಮುಟ್ಟಿತ್ತು, ಮರುದಿನ ಇಳಕಲ್ಲು: ಲಾಲಸಾಬ ನೀರಿಲ್ಲದೆ ಗಾಡಿ ಹೊಡೆದು ಇಂಜಿನ್ನು ಸುಟ್ಟ, ಮೇಲೆ ಸುಳ್ಳು ಹೇಳಿದ.

ಇಷ್ಟೇ ಆಗಿದ್ದರೆ ಅವಸರ, ಅಹಂಕಾರ ಎನ್ನಬಹುದಿತ್ತು. ಇಷ್ಟೇ ಅಲ್ಲ.

ಆ ಜೂನಿನಲ್ಲಿ ನನಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಕಾಕಾ ಸುಟ್ಟ ಇಂಜಿನ್ನಿನ ಜೊತೆಗೇ ಕಳಚಿ ಎಸೆದಿದ್ದ ಮೀಟರನ್ನು ಎತ್ತಿಟ್ಟುಕೊಂಡಿದ್ದೆ. ಯಾಕೆ ಎತ್ತಿಟ್ಟೆನೆಂದು ಆಗ ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ. ಒಂದು ದಿನ ಶಾಲೆ ಬಿಟ್ಟ ಮೇಲೆ ಸ್ಪಿರಿಟ್ ದೀಪದ ಮೇಲೆ ಬೀಕರಿನಲ್ಲಿ ನೀರಿಟ್ಟು, ಗುಂಡನ್ನು ಮುಳುಗಿಸಿ, ಪಕ್ಕದಲ್ಲಿ ಶಾಲೆಯ ಥರ್ಮಾಮೀಟರನ್ನೂ ಇಳಿಬಿಟ್ಟೆ. ನೀರು ಕೊತಕೊತ ಕುದಿಯಿತು. ಮುಳ್ಳು ನೂರ ಎಂಬತ್ತು ಬಿಟ್ಟು ಏಳಲಿಲ್ಲ. ಹತ್ತು ನಿಮಿಷ ನೋಡಿದೆ. ದೀಪ ಆರಿಸಿದೆ. ಮೀಟರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಟ್ರಂಕಿನ ತಳದಲ್ಲಿಟ್ಟೆ.

ಅಂದು ಗ್ಯಾರೇಜಿಗೆ ನಡೆದು ಹೋಗಿದ್ದರೆ ಸಾಕಿತ್ತು. ಅವನ ಕೈ ಇನ್ನೂ ಮಾಯುತ್ತಿತ್ತು. ಹೋಗಲಿಲ್ಲ. ಏಳು ವರ್ಷ ಹೋಗಲಿಲ್ಲ.

ಯಾಕೆಂದು ನಾನು ನನಗೇ ಹೇಳಿಕೊಳ್ಳುತ್ತಿದ್ದ ಕಾರಣ ಇದು: ನಾನು ಒಪ್ಪಿಕೊಂಡರೆ ಊರು ನನ್ನೊಬ್ಬಳನ್ನೇ ಅನ್ನುವುದಿಲ್ಲ, ಹೆಣ್ಣುಮಕ್ಕಳನ್ನು ಓದಿಸಿದರೆ ಇದೇ ಗತಿ ಎನ್ನುತ್ತದೆ. ನನ್ನ ತರಗತಿಯ ಹುಡುಗಿಯರಿಗಾಗಿ ಬಾಯಿ ಮುಚ್ಚಿದ್ದೇನೆ — ಹೀಗೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಆ ಹುಡುಗಿಯರಲ್ಲಿ ಯಾರೂ ಒಬ್ಬ ನಿರಪರಾಧಿಯ ಹೆಸರು ಕೆಡಿಸಿ ನಮ್ಮನ್ನು ಕಾಪಾಡಿ ಎಂದು ಕೇಳಿರಲಿಲ್ಲ.

ಅನ್ನುವವರಿಗೆ ಇಲ್ಲೇ ಉತ್ತರ ಕೊಡುತ್ತೇನೆ. ನಾನು ಓದಿದ್ದರಿಂದ ಮಿಸ್ತ್ರಿಯ ಕೈ ಸುಡಲಿಲ್ಲ. ಓದಿದ್ದನ್ನು ಮಾಡದೆ ಇದ್ದದ್ದರಿಂದ ಸುಟ್ಟಿತು. ಇದನ್ನು ನೆಪ ಮಾಡಿಕೊಂಡು ಮಗಳ ಶಾಲೆ ಬಿಡಿಸುವ ತಂದೆ ಯಾರಾದರೂ ಇದ್ದರೆ, ಅವರು ನನ್ನ ಸುಳ್ಳಿಗಿಂತ ದೊಡ್ಡ ಸುಳ್ಳು ಹೇಳುತ್ತಿದ್ದಾರೆ. ನಮ್ಮ ಸಂಬಂಧ ಕೇಳಿಕೊಂಡು ಬಂದಿರುವ ಧಾರವಾಡದ ಮನೆಯವರೂ ಇದನ್ನು ಓದಲಿ. ಹಿಂದೆ ಸರಿಯುವುದಿದ್ದರೆ ಓದಿಯೇ ಸರಿಯಲಿ.

ಹೋದ ತಿಂಗಳು ತರಗತಿಯಲ್ಲಿ ಒಬ್ಬ ಹುಡುಗಿ ನೀರು ಕುದಿಸದೆಯೇ ಪುಸ್ತಕದಲ್ಲಿದ್ದ ಅಂಕಿಯನ್ನು ಬರೆದಿಟ್ಟಿದ್ದಳು. ನೋಡದೆ ಯಾಕೆ ಬರೆದೆ ಎಂದು ಗದರಿದೆ. "ಕುದ್ದಿದ್ರ ಅಷ್ಟ ಬರ್ತಿತ್ತಲ್ರೀ ಅಕ್ಕಾರ," ಎಂದಳು, ಸಹಜವಾಗಿ. ಅವಳನ್ನು ಗದರುವ ಬಾಯಿ ನನ್ನದಾಗಿರಲಿಲ್ಲ.

ಮರುದಿನ ಮುಂಜಾನೆಯ ಬಸ್ಸಿಗೆ ಶಿರೂರಿಗೆ ಹೋದೆ. ಲಾಲಸಾಬ ಅಲ್ಲಿ ಹೊಲದ ಬಾವಿಗಳ ಆಯಿಲ್ ಇಂಜಿನ್ನು ರಿಪೇರಿ ಮಾಡಿಕೊಂಡಿದ್ದಾನೆ. ತಗಡಿನ ಛಪ್ಪರ. ಬಲಗೈಯ ಚರ್ಮ ಮೊಣಕೈವರೆಗೆ ಸುಕ್ಕುಗಟ್ಟಿ ಹೊಳೆಯುತ್ತದೆ. ನಡುಬೆರಳು ಪೂರ್ತಿ ಮಡಚುವುದಿಲ್ಲ. ನಾನು ಚೀಲದಿಂದ ಮೀಟರು ತೆಗೆದೆ. ಹೇಳಬೇಕಾದದ್ದನ್ನೆಲ್ಲ ಹೇಳಿದೆ — ಹಂಡೆ, ಚೀಟಿ, ಬೀಕರು, ಟ್ರಂಕು. ಅವನು ಗಾಜಿನ ಮೇಲೆ ಹೆಬ್ಬೆರಳು ಆಡಿಸಿದ.

"ಇನ್ನೂ ಹಂಗ ಹೊಳೀತಾಳಲ್ರೀ, ಚೆಲುವಿ," ಎಂದ.

ಅವನ ಒಲೆಯ ಮೇಲೆ ಚಹದ ನೀರು ಕುದಿಯುತ್ತಿತ್ತು. ಅದರಲ್ಲೇ ಇಟ್ಟು ತೋರಿಸುತ್ತೇನೆ ಎಂದು ಸುತ್ತಿಟ್ಟಿದ್ದ ಕೊಳವೆ ಬಿಚ್ಚತೊಡಗಿದೆ. ಅವನು ಕೈ ಅಡ್ಡ ಹಿಡಿದ.

"ನನಗ್ಯಾಕ ತೋರಸ್ತೀರಿ ಅಕ್ಕಾರ? ನನಗ ಅವತ್ತ ಗೊತ್ತಿತ್ತು. ನೀವು ಯಾರ ಮುಂದ 'ಹೌದು' ಅಂದ್ರಿ, ಅವರ ಮುಂದ ಕುದಸ್ರಿ."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ.

ಮನೆಗೆ ಬಂದು ಕಾಕಾಗೆ ಹೇಳಿದೆ. "ಸತ್ತ ಮಾತನ್ಯಾಕ ಎಬ್ಬಸ್ತಿ? ನಾ ನಾಕ ಮಂದಿ ಮುಂದ ಅಂವಗ ಸುಳ್ಳಾ ಅಂದೇನಿ. ಈಗ ನನ್ನ ಮಾತಿಗೆ ಏನು ಬೆಲಿ ಉಳೀತು?" ಎಂದರು. ನನ್ನ ಅಪ್ಪನ ಜಾಗದಲ್ಲಿ ನಿಂತವರು ಅವರು. ನನ್ನ ಮಾತಿನ ಮೇಲೆಯೇ ಅವರು ಆಣೆ ಇಟ್ಟಂತೆ ಆ ದಿನ ನಿಂತಿದ್ದರು. ಅವರಿಗೂ ನಾನು ಅನ್ಯಾಯ ಮಾಡಿದೆ. ಅದನ್ನೂ ಇಲ್ಲಿ ಸೇರಿಸುತ್ತೇನೆ.

"ಚಾದಂಗಡಿ ಮುಂದ ಹೆಣ್ಣಹುಡುಗಿ ನಿಂತು ನೀರ ಕುದಸ್ತಾಳ? ನಾ ನಿಂದರಗೊಡಂಗಿಲ್ಲ," ಎಂದರು.

"ನಿಂದರ್ತೇನಿ, ಕಾಕಾ," ಎಂದೆ.

ಬರುವ ಸೋಮವಾರ ಮಧ್ಯಾಹ್ನ, ಇಳಕಲ್ಲಿನ ಗಾಡಿಗಳೂ ಬದಾಮಿಯ ಗಾಡಿಗಳೂ ಬಂದು ನಿಂತು ಡ್ರೈವರುಗಳೆಲ್ಲ ಚಹಕ್ಕೆ ಕೂರುವ ಹೊತ್ತಿನಲ್ಲಿ, ಆ ಅಂಗಡಿಯವನ ಭೋಗುಣಿಯಲ್ಲಿ ಈ ಮೀಟರಿನ ಗುಂಡನ್ನು ಇಳಿಬಿಡುತ್ತೇನೆ. ಪಕ್ಕದಲ್ಲಿ ಥರ್ಮಾಮೀಟರು ಇರುತ್ತದೆ. ಯಾರು ಬೇಕಾದರೂ ಬಂದು ಅಂಕಿ ಓದಬಹುದು. ಲಾಲಸಾಬ ಮಿಸ್ತ್ರಿ ನೀರು ತುಂಬಿಯೇ ಗಾಡಿ ಹೊಡೆದ, ಸುಳ್ಳು ಹೇಳಿದವಳು ನಾನು ಎಂದು ಗಟ್ಟಿಯಾಗಿ ಹೇಳುತ್ತೇನೆ. ನಗುವವರು ನಗಲಿ. ಒಲೆಗೆ ಎಷ್ಟು ಹೊತ್ತು ಬೇಕಾದರೂ ಹಿಡಿಯಲಿ.

ಈ ಸಲ ನೀರು ಕುದಿಯುವವರೆಗೆ ನಾನು ಅಲ್ಲಿಂದ ಕದಲುವುದಿಲ್ಲ.